ಸ್ಕೋಪು ಕಣ್ಣಿನ ಹತ್ರ ಬರಬೇಕು, ಕಣ್ಣು ಸ್ಕೋಪಿನ ಹತ್ರ ಹೋಗಬಾರದು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣೀಲಿ ರೈಫಲ್ ಶೂಟಿಂಗ್ ಬಗ್ಗೆ ಒಂದು ಪುಟ ತುಂಬಾ ಬರೆದಿದ್ರಿ. ನೋಡಿ ಮೊದಲು ಖುಷಿನೇ ಆಯ್ತು, ಯಾಕಂದ್ರೆ ಈ ಆಟದ ಬಗ್ಗೆ ಬರೆಯೋರೇ ಕಮ್ಮಿ, ಯಾರಿಗಾದ್ರೂ ಮೆಡಲ್ ಬಂದ ದಿನ ಒಂದು ಫೋಟೋ ಹಾಕಿ ಸುಮ್ನಾಗ್ತಾರೆ. ಆದ್ರೆ ಓದ್ತಾ ಹೋದಾಗ ಎರಡು ಕಡೆ ಗಂಟಲಲ್ಲಿ ಸಿಕ್ಕಾಕಿಕೊಂಡ ಹಾಗಾಯ್ತು. ಒಂದು, 10 ಮೀಟರ್ ಏರ್ ರೈಫಲ್ ಸ್ಪರ್ಧೆ ಅಂತ ಬರೆದು ಮೇಲ್ಗಡೆ ಹಾಕಿದ್ದ ಚಿತ್ರದಲ್ಲಿ ರೈಫಲ್ ಮೇಲೆ ಮೊಳದುದ್ದದ ಸ್ಕೋಪ್, ಅಂದ್ರೆ ಗುರೀನ ದೊಡ್ಡದಾಗಿ ತೋರಿಸೋ ದುರ್ಬೀನು, ಕೂತಿತ್ತು. ಇನ್ನೊಂದು, "ಒಳ್ಳೆ ಸ್ಕೋಪ್ ಹಾಕಿಸಿಕೊಂಡ್ರೆ ಅರ್ಧ ಗುರಿ ಕಲಿತ ಹಾಗೆ" ಅನ್ನೋ ಮಾತು.

ಮೊದಲನೇದು ಬೇಗ ಮುಗಿಸ್ತೀನಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ ನಡೆಸೋ 10 ಮೀಟರ್ ಏರ್ ರೈಫಲ್ಲಲ್ಲೂ 50 ಮೀಟರ್ ರೈಫಲ್ಲಲ್ಲೂ ಸ್ಕೋಪ್ ಹಾಕೋ ಹಾಗೇ ಇಲ್ಲ ಸ್ವಾಮಿ. ಅಲ್ಲಿರೋದು ಪೀಪ್ ಸೈಟು, ಅಂದ್ರೆ ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ, ಆ ಉಂಗುರದ ನಡುವೆ ಕರೀ ಚಕ್ರ ಸರಿಯಾಗಿ ಕೂತಾಗ ಹೊಡೀಬೇಕು ಅಷ್ಟೇ. 10 ಮೀಟರ್ ಟಾರ್ಗೆಟ್ಟಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ, ಅದು ಅಲ್ಲಿಂದ ಯಾರ ಕಣ್ಣಿಗೂ ಕಾಣಲ್ಲ. ಕಾಣದೇ ಇರೋ ಚುಕ್ಕಿಗೆ ಯಾವ ಲೆನ್ಸೂ ದೊಡ್ಡದು ಮಾಡಿ ತೋರಿಸದೇನೇ ಹೊಡೀತಾರೆ ಅಂದ್ರೆ ಅವರು ನಂಬಿರೋದು ನಿಂತ್ಕೊಳ್ಳೋ ರೀತೀನ, ಮೈನ. ಈಗ ಎರಡನೇ ಮಾತಿಗೆ ಬರ್ತೀನಿ, ನನ್ನ ತಕರಾರೆಲ್ಲ ಇರೋದು ಇಲ್ಲೇ.

ನಾನೇನು ದೊಡ್ಡ ಶೂಟರ್ ಅಲ್ಲ, ರಜಾ ದಿನ ರೇಂಜಿಗೆ ಹೋಗಿ ಹೊಡೆದು ಬರೋನು. ನನ್ನ ಹತ್ರ ಇರೋದು ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್, ಅದಕ್ಕೊಂದು ಸ್ಕೋಪು. ಹಾಕಿಸಿಕೊಂಡ ಹೊಸದ್ರಲ್ಲಿ ಐದು ಪೆಲೆಟ್ಟೂ (ಏರ್ ರೈಫಲ್ಲಿನ ಸಣ್ಣ ಗುಂಡು) ಒಂದು ನಾಣ್ಯದ ಒಳಗೆ ಬೀಳ್ತಿದ್ವು, ನಾನೂ ಬೀಗಿದ್ದೇ ಬೀಗಿದ್ದು. ಮೂರ್ನಾಲ್ಕು ವಾರ ಕಳೆದ ಮೇಲೆ ಗುಂಪು ಬಿಚ್ಕೊಳ್ತಾ ಹೋಯ್ತು, ಒಂದು ಮೇಲೆ ಒಂದು ಎಡಕ್ಕೆ, ಸ್ಕೋಪಿನ ತಿರುಪು ತಿರುಗಿಸಿ ತಿರುಗಿಸಿ ಬೆರಳು ನೋವು ಬಂತೇ ಹೊರತು ಸರಿ ಹೋಗ್ಲಿಲ್ಲ. ಸ್ಕೋಪೇ ಕೆಟ್ಟಿದೆ ಅಂತ ಸಿಕ್ಕಿದೋರ ಹತ್ರ ಎಲ್ಲ ಹೇಳ್ಕೊಂಡು ತಿರುಗಿದೆ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ ಅಂತ ರೇಂಜಲ್ಲಿದ್ದ ಹಿರಿಯರೊಬ್ಬರು ನಕ್ಕರು. ನಕ್ಕು ಸುಮ್ನಾಗ್ಲಿಲ್ಲ ಪುಣ್ಯಾತ್ಮರು, ರೈಫಲ್ ಇಸ್ಕೊಂಡು ಬೆಳಕಿಗೆ ಹಿಡಿದು, ಸ್ಕೋಪ್ ನೋಡದೇ ಮೊದಲು ಮರದ ಹಿಡಿ ನೋಡಿದ್ರು. ನಾನು ಕೆನ್ನೆ ಇಡೋ ಜಾಗದಲ್ಲಿ ಬೆವರಿನ ಜಿಡ್ಡಿನ ಕಲೆ ಇತ್ತು, ಒಂದಲ್ಲ ಎರಡು, ಹಳೇದು ಮುಂದೆ, ಹೊಸದು ಅದರಿಂದ ಸ್ವಲ್ಪ ಹಿಂದೆ. "ಮುಖ ಯಾಕಪ್ಪಾ ಹಿಂದಕ್ಕೆ ಹೋಗಿದೆ" ಅಂದ್ರು. ಆಮೇಲೆ ಸ್ಕೋಪನ್ನ ರೈಫಲ್ಲಿಗೆ ಬಿಗಿಯೋ ಎರಡು ರಿಂಗಲ್ಲಿ ಮುಂದಿನದರ ಹತ್ರ ಬೆರಳಿಟ್ಟು ತೋರಿಸಿದ್ರು, ಕರೀ ಪಾಲಿಶ್ ಕೆರೆದು ಬೆಳ್ಳಗೆ ಹೊಳೀತಿರೋ ಗೀರು, ನಾಲ್ಕು ಮಿಲಿಮೀಟರ್ ಆದ್ರೂ ಇತ್ತು. ಸ್ಕೋಪು ರಿಂಗ್ ಸಮೇತ ಹಿಂದಕ್ಕೆ ಜಾರ್ತಾ ಬಂದಿದೆ, ಅದು ಜಾರಿದ ಹಾಗೆಲ್ಲ ನನಗೇ ಗೊತ್ತಿಲ್ಲದ ಹಾಗೆ ನನ್ನ ಕತ್ತೂ ಹಿಂದಕ್ಕೆ ಹೋಗಿದೆ. ಅಂದ್ರೆ ನೆಲ ನಿಜವಾಗ್ಲೂ ಡೊಂಕಿತ್ತು, ಅದರ ಜೊತೆ ನಾನೂ ಡೊಂಕಾಗಿದ್ದೆ!

ಸ್ಪ್ರಿಂಗ್ ರೈಫಲ್ ಬಗ್ಗೆ ಹೊಸಬರಿಗೆ ಯಾರೂ ಹೇಳದೇ ಇರೋ ವಿಷಯ ಇದೇ. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗತ್ತೆ, ರೈಫಲ್ ಹಿಂದಕ್ಕೆ ಒದೆಯತ್ತೆ, ಪಿಸ್ಟನ್ ಕೊನೇಲಿ ಹೋಗಿ ನಿಂತಾಗ ರೈಫಲ್ಲು ಥಟ್ ಅಂತ ಮುಂದಕ್ಕೆ ಜಿಗಿಯತ್ತೆ. ರೈಫಲ್ ಮುಂದೆ ಹೋದಾಗ ಸ್ಕೋಪ್ ಇದ್ದಲ್ಲೇ ಉಳಿಯೋಕೆ ನೋಡತ್ತೆ, ಹಾಗಾಗಿ ದಿನಾ ಕೂದಲೆಳೆಯಷ್ಟು ಹಿಂದಕ್ಕೆ ಸರೀತಾ ಇರತ್ತೆ. ಗುಂಡು ಹಾಕೋ ರೈಫಲ್ಲಲ್ಲಿ ಇದು ಉಲ್ಟಾ, ರೈಫಲ್ ಹಿಂದಕ್ಕೆ ಮಾತ್ರ ಒದೆಯೋದರಿಂದ ಸ್ಕೋಪು ಮುಂದಕ್ಕೆ ಜಾರೋಕೆ ನೋಡತ್ತೆ. ಅದಕ್ಕೇ ಸ್ಪ್ರಿಂಗ್ ರೈಫಲ್ಲಿಗೆ ಎರಡು ಬಿಡಿ ರಿಂಗ್ ಹಾಕೋದಕ್ಕಿಂತ ಒಂದೇ ತುಂಡಿನ ಮೌಂಟು (ಸ್ಕೋಪನ್ನ ರೈಫಲ್ ಮೇಲೆ ಹಿಡಿದಿಡೋ ಚೌಕಟ್ಟು) ಒಳ್ಳೇದು, ಅದರ ಕೆಳಗೆ ಸ್ಟಾಪ್ ಪಿನ್ ಇರಬೇಕು, ಆ ಪಿನ್ ರೈಫಲ್ ಮೇಲಿನ ತೂತಲ್ಲಿ ಇಳಿದು ಕೂರಬೇಕು. ನನ್ನ ಮೌಂಟಲ್ಲಿ ಪಿನ್ ಇತ್ತು, ಅದನ್ನ ಇಳಿಸಬೇಕು ಅನ್ನೋದು ನನಗೂ ಗೊತ್ತಿರ್ಲಿಲ್ಲ ಹಾಕಿಕೊಟ್ಟೋನಿಗೂ ಗೊತ್ತಿರ್ಲಿಲ್ಲ. ಈ ಎರಡು ಕಡೆ ಹೊಡೆತಕ್ಕೆ ತಡೆಯೋ ಸ್ಕೋಪೇ ಬೇಕು ಅನ್ನೋದು ಬೇರೆ, ದೊಡ್ಡ ರೈಫಲ್ಲಲ್ಲಿ ವರ್ಷಗಟ್ಟಲೆ ಬಾಳಿದ ಸ್ಕೋಪು ಸ್ಪ್ರಿಂಗ್ ರೈಫಲ್ಲಲ್ಲಿ ಒಳಗಡೆ ಪುಡಿಯಾಗಿರೋದು ಉಂಟು.

ಜಾರೋದು ಅಷ್ಟೊಂದು ಮುಖ್ಯನಾ ಅಂತ ಕೇಳೋರಿಗೆ ಒಂದು ಸಣ್ಣ ಲೆಕ್ಕ. ಎರಡು ರಿಂಗ್ ನಡುವೆ 100 ಮಿಲಿಮೀಟರ್ ಅಂತರ ಇದೆ ಅಂದ್ಕೊಳ್ಳಿ, ಅದರಲ್ಲಿ ಒಂದು ರಿಂಗ್ ಬರೀ 0.1 ಮಿಲಿಮೀಟರ್ ಪಕ್ಕಕ್ಕೆ ಅಲ್ಲಾಡಿತು ಅಂದ್ರೆ, ಅಂದ್ರೆ ಒಂದು ಜೆರಾಕ್ಸ್ ಹಾಳೆಯಷ್ಟು ದಪ್ಪ, 100 ಮೀಟರ್ ದೂರದಲ್ಲಿ ಗುರಿ 10 ಸೆಂಟಿಮೀಟರ್ ತಪ್ಪಿರತ್ತೆ. ಕಾಲು ಎಂಒಎ (ಒಂದು ಡಿಗ್ರೀಲಿ ಅರವತ್ತರಲ್ಲೊಂದು ಪಾಲು ಕೋನ) ಕ್ಲಿಕ್ ಇರೋ ಸ್ಕೋಪಲ್ಲಿ ತಿರುಪಿನ ಒಂದು ಕ್ಲಿಕ್ಕಿಗೆ ಅದೇ 100 ಮೀಟರಲ್ಲಿ ಸುಮಾರು 7 ಮಿಲಿಮೀಟರ್ ಸರಿಯತ್ತೆ. ಅಷ್ಟು ನಾಜೂಕಾದ ಸ್ಕೋಪನ್ನ ಲಟಪಟ ಅನ್ನೋ ರಿಂಗ್ ಮೇಲೆ ಕೂರಿಸಿದ್ರೆ ಆ ಕ್ಲಿಕ್ಕಿಗೆ ಏನು ಬೆಲೆ ಉಳೀತು?

ಹಾಗಾದ್ರೆ ಮೌಂಟ್ ಆರಿಸೋದು ಹೇಗೆ ಅಂತ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಮೊದಲು ರೈಫಲ್ ಮೇಲೆ ಏನಿದೆ ನೋಡಬೇಕು. ಏರ್ ರೈಫಲ್ಲು, ಪಾಯಿಂಟ್ ಟೂಟೂ (.22) ಅನ್ನೋ ಸಣ್ಣ ಗುಂಡಿನ ರೈಫಲ್ಲು ಇವುಗಳಲ್ಲಿ ಹೆಚ್ಚಾಗಿ 11 ಮಿಲಿಮೀಟರ್ ಡವ್‌ಟೇಲ್ ಕಚ್ಚು ಇರತ್ತೆ. ದೊಡ್ಡದರಲ್ಲಿ ವೀವರ್ ಅಥವಾ ಪಿಕಾಟಿನ್ನಿ ರೈಲು, ಅಂದ್ರೆ ರಿಂಗ್ ಸಿಕ್ಕಿಸೋಕೆ ಅಡ್ಡ ಕಚ್ಚುಗಳಿರೋ ಪಟ್ಟಿ. ಇವೆರಡೂ ನೋಡೋಕೆ ಅಣ್ಣ ತಮ್ಮ ಇದ್ದ ಹಾಗೆ, ಆದ್ರೆ ಪಿಕಾಟಿನ್ನಿಯ ಅಡ್ಡ ಕಚ್ಚಿನ ಅಗಲ 5.23 ಮಿಲಿಮೀಟರ್, ವೀವರ್‌ದು ಅದಕ್ಕಿಂತ ಕಮ್ಮಿ, ಹಾಗಾಗಿ ವೀವರ್ ರಿಂಗು ಪಿಕಾಟಿನ್ನಿ ಮೇಲೆ ಸಾಮಾನ್ಯವಾಗಿ ಕೂರತ್ತೆ, ಪಿಕಾಟಿನ್ನಿ ರಿಂಗು ವೀವರ್ ಮೇಲೆ ಹೆಚ್ಚಾಗಿ ಕೂರಲ್ಲ. ಆಮೇಲೆ ಸ್ಕೋಪಿನ ಕೊಳವೆ ಒಂದು ಇಂಚಾ, 30 ಮಿಲಿಮೀಟರಾ, 34ರದಾ ನೋಡ್ಕೊಂಡು ಅದೇ ಸೈಜಿನ ರಿಂಗು. ಇಲ್ಲಿವರೆಗೆ ಯಾರು ಬೇಕಾದ್ರೂ ಹೇಳ್ತಾರೆ. ಎಡವೋದು ಎತ್ತರದಲ್ಲಿ.

ಸ್ಕೋಪಿನ ಮುಂದಿನ ಲೆನ್ಸು 50 ಮಿಲಿಮೀಟರ್ ಅಂದ್ರೆ ಅದರ ಹೊರಗಿನ ಬಾಯಿ ಇನ್ನೂ ದಪ್ಪ, 57 ಇದೆ ಅಂದ್ಕೊಳ್ಳಿ, ಅರ್ಧ 28.5. ನಳಿಗೆಗೆ ತಾಗದ ಹಾಗೆ 3 ಮಿಲಿಮೀಟರ್ ಗ್ಯಾಪ್ ಬೇಕು. ರೈಲು ನಳಿಗೆಗಿಂತ 5 ಮಿಲಿಮೀಟರ್ ಮೇಲಿದ್ರೆ ಅದನ್ನ ಕಳೀರಿ, ರೈಲಿಂದ ಕೊಳವೆಯ ನಡುಮಧ್ಯಕ್ಕೆ 26.5 ಬೇಕು ಅಂತಾಯ್ತು. ಇಲ್ಲೊಂದು ಮೋಸ ಇದೆ, ಕೆಲವು ಕಂಪನಿಯೋರು ರಿಂಗಿನ ಎತ್ತರ ಅಂತ ಹೇಳೋದು ಕೊಳವೆಯ ಮಧ್ಯಕ್ಕೆ, ಇನ್ನು ಕೆಲವರು ಹೇಳೋದು ಕೊಳವೆಯ ತಳಕ್ಕೆ. ಲೋ, ಮೀಡಿಯಮ್, ಹೈ ಅನ್ನೋ ಹೆಸರು ನಂಬಲೇಬೇಡಿ, ಒಬ್ಬನ ಮೀಡಿಯಮ್ಮು ಇನ್ನೊಬ್ಬನ ಹೈ ಆಗಿರತ್ತೆ. ಗುಂಡು ತುಂಬೋಕೆ ಎಳೆಯೋ ಬೋಲ್ಟ್ ಹಿಡಿ ಮೇಲೆತ್ತಿದಾಗ ಸ್ಕೋಪಿನ ಹಿಂಭಾಗಕ್ಕೆ ತಾಗತ್ತಾ ಅಂತಾನೂ ನೋಡ್ಕೋಬೇಕು.

ಈ ಲೆಕ್ಕ ಎಲ್ಲ ರೈಫಲ್ಲಿಗೆ ಸರಿ ಹೋಯ್ತು, ನಿಮ್ಮ ಮುಖಕ್ಕೆ? "ಎಷ್ಟು ತಗ್ಗಿದ್ರೆ ಅಷ್ಟು ಒಳ್ಳೇದು" ಅಂತ ಎಲ್ಲರೂ ಮಂತ್ರದ ಥರ ಹೇಳ್ತಾರೆ, ನಾನು ಅದನ್ನ ಪೂರ್ತಿ ಒಪ್ಪಲ್ಲ. ಉದ್ದ ಕತ್ತಿನೋರಿಗೆ ತೀರಾ ತಗ್ಗಿನ ಸ್ಕೋಪ್ ಕೊಟ್ರೆ ಕೆನ್ನೇನ ಮರಕ್ಕೆ ಒತ್ತಿ ಒತ್ತಿ ಕತ್ತು ಹಿಡ್ಕೊಳ್ಳತ್ತೆ. ಎತ್ತರ ಜಾಸ್ತಿ ಆದ್ರೆ ಕೆನ್ನೆ ಮರದಿಂದ ಮೇಲೆದ್ದು ಗದ್ದ ಮಾತ್ರ ತಾಗ್ತಿರತ್ತೆ, ತಲೆ ಗಾಳೀಲಿ ತೇಲ್ತಿರೋ ಹಾಗೆ. ಪರೀಕ್ಷೆ ಸುಲಭ. ರೈಫಲ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ನೀವು ಯಾವಾಗ್ಲೂ ನಿಲ್ಲೋ ಹಾಗೆ ಗುರಿ ಕಡೆ ನಿಂತು, ಕಣ್ಣು ಮುಚ್ಚಿ, ಬಟ್ಟನ್ನ, ಅಂದ್ರೆ ರೈಫಲ್ಲಿನ ಹಿಂದಿನ ತುದೀನ, ಭುಜದ ಗುಳಿಗೆ ತಂದು, ಕೆನ್ನೆ ಹಾಯಾಗಿ ಇಟ್ಟು, ಆಮೇಲೆ ಕಣ್ಣು ತೆರೀರಿ. ಪೂರ್ತಿ ದುಂಡಗೆ ಬೆಳಕು ಕಂಡ್ರೆ ಮೌಂಟ್ ಸರಿ ಇದೆ. ಕೆಳಗೋ ಮೇಲೋ ಬಿದಿಗೆ ಚಂದ್ರನ ಥರ ಕರೀ ನೆರಳು ಬಂತು ಅಂದ್ರೆ ಎತ್ತರ ತಪ್ಪು. ಸುತ್ತಲೂ ದಪ್ಪ ಕರೀ ಬಳೆ ಕಂಡ್ರೆ ಹಿಂದು ಮುಂದಿನ ದೂರ ತಪ್ಪು. ಆಗ ತಲೆ ಅಲ್ಲಾಡಿಸಿ ಸರಿ ಮಾಡ್ಕೋಬೇಡಿ, ಅಲ್ಲೇ ನಾವೆಲ್ಲ ಕೆಡೋದು, ಸ್ಕೋಪನ್ನ ಸರಿಸಿ. ಜೂಮ್ ಪೂರ್ತಿ ಏರಿಸಿ ಇದನ್ನ ನೋಡಬೇಕು, ಯಾಕಂದ್ರೆ ಜೂಮ್ ಜಾಸ್ತಿ ಆದಷ್ಟೂ ಕಣ್ಣಿಡೋ ಜಾಗ ಕಿರಿದಾಗತ್ತೆ. ಸಾಮಾನ್ಯ ಸ್ಕೋಪಲ್ಲಿ ಕಣ್ಣಿಗೂ ಗಾಜಿಗೂ 7.5ರಿಂದ 10 ಸೆಂಟಿಮೀಟರ್ ದೂರ ಇರತ್ತೆ, ಜೋರಾಗಿ ಒದೆಯೋ ರೈಫಲ್ಲಲ್ಲಿ ಇದಕ್ಕಿಂತ ಹತ್ರ ಹೋದೋರ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ನಾನೇ ನೋಡಿದೀನಿ.

ಇನ್ನು ನಿಲ್ಲೋ ರೀತಿಗೂ ಇದಕ್ಕೂ ಏನು ಸಂಬಂಧ ಅಂದ್ರೆ, ನಿಂತಾಗ ತಲೆ ನೆಟ್ಟಗಿರತ್ತೆ, ಮಲಗಿ ಹೊಡೆಯೋವಾಗ ಕತ್ತು ಮುಂದಕ್ಕೆ ಚಾಚಿರತ್ತೆ, ಮಂಡಿಯೂರಿದಾಗ ಎರಡರ ನಡುವೆ. ಒಂದೇ ಮನುಷ್ಯನ ಕಣ್ಣು ಮೂರು ಭಂಗೀಲಿ ಮೂರು ಜಾಗದಲ್ಲಿರತ್ತೆ, ಸೆಂಟಿಮೀಟರ್ ಲೆಕ್ಕದಲ್ಲಿ ವ್ಯತ್ಯಾಸ. ಬೆಂಚ್ ಮೇಲೆ ಕೂತು ಸ್ಕೋಪ್ ಕೂರಿಸಿ ಬಿಗಿ ಮಾಡಿಬಿಟ್ಟು ಆಮೇಲೆ ನಿಂತು ಹೊಡೆಯೋಕೆ ಹೋದ್ರೆ ಕತ್ತು ಆಮೆ ಥರ ಮುಂದಕ್ಕೆ ಬರತ್ತೆ. ನೀವು ಜಾಸ್ತಿ ಯಾವ ಭಂಗೀಲಿ ಹೊಡೀತೀರೋ ಅದರಲ್ಲೇ ಇದ್ದು ಸ್ಕೋಪ್ ಕೂರಿಸಬೇಕು. ಎಲ್ಲಾ ಭಂಗೀಲೂ ಹೊಡೆಯೋರು ಕೆನ್ನೆ ಪಟ್ಟಿ, ಬಟ್ಟು ಎರಡನ್ನೂ ಹಿಂದೆ ಮುಂದೆ ಮಾಡಬಹುದಾದ ರೈಫಲ್ ಇಟ್ಕೊಳ್ಳೋದು ಇದಕ್ಕೇ.

ನಿಂತು ಹೊಡೆಯೋದು ನೋಡೋಕೆ ಸುಲಭ, ಮಾಡೋಕೆ ಎಲ್ಲಕ್ಕಿಂತ ಕಷ್ಟ. ಬಲಗೈಯೋರು ಅಂತ ಇಟ್ಕೊಂಡ್ರೆ, ಕಾಲು ಭುಜದಷ್ಟು ಅಗಲ, ಗುರಿಗೆ ಎದೆ ಕೊಡದೇ ಎಡ ಪಕ್ಕ ಕೊಟ್ಟು ನಿಂತು, ಎಡ ಸೊಂಟ ಸ್ವಲ್ಪ ಗುರಿ ಕಡೆ ತಳ್ಳಿ, ಎಡ ಮೊಣಕೈಯನ್ನ ಪಕ್ಕೆಲುಬಿಗೋ ಸೊಂಟದ ಮೂಳೆಗೋ ಆನಿಸಬೇಕು. ರೈಫಲ್ಲಿನ ಭಾರ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಸೊಂಟಕ್ಕೆ, ಅಲ್ಲಿಂದ ಕಾಲಿಗೆ ಇಳೀಬೇಕು, ಮೂಳೆ ಹೊರಬೇಕು, ಮಾಂಸಖಂಡ ಅಲ್ಲ, ಯಾಕಂದ್ರೆ ಮಾಂಸಖಂಡ ಸುಸ್ತಾಗಿ ನಡುಗತ್ತೆ. ಹಾಗೆ ನಿಂತು ಕಣ್ಣು ಮುಚ್ಚಿ ಎರಡು ಸಲ ಉಸಿರಾಡಿ ಕಣ್ಣು ಬಿಟ್ಟಾಗ ಕ್ರಾಸ್‌ಹೇರ್ (ಸ್ಕೋಪಿನ ಒಳಗೆ ಕಾಣೋ ಅಡ್ಡ ಉದ್ದ ಗೆರೆಗಳು) ಎಲ್ಲಿದೆಯೋ ಅದೇ ನಿಮ್ಮ ಮೈ ನೋಡ್ತಿರೋ ಜಾಗ. ಗುರಿಯಿಂದ ಪಕ್ಕಕ್ಕಿದ್ರೆ ಕೈಯಿಂದ ಎಳೆದು ತರಬೇಡಿ, ಪಾದ ಸರಿಸಿ. ಸ್ಪ್ರಿಂಗ್ ರೈಫಲ್ ಆದ್ರೆ ಮುಂದಿನ ಕೈ ಮುಷ್ಟಿ ಕಟ್ಟದೇ ತೆರೆದ ಅಂಗೈ ಮೇಲೆ ಮಲಗಿಸಿದ ಹಾಗೆ ಸಡಿಲ ಬಿಡಬೇಕು, ಗಟ್ಟಿ ಹಿಡಿದಷ್ಟೂ ಅದು ಪ್ರತಿ ಸಲ ಬೇರೆ ಬೇರೆ ಥರ ಜಿಗಿಯತ್ತೆ. ಇಂಥ ಸಣ್ಣ ರೈಫಲ್ ಮೇಲೆ 50 ಮಿಲಿಮೀಟರ್ ಲೆನ್ಸಿನ ದಪ್ಪ ಸ್ಕೋಪ್ ಹೊತ್ಕೊಂಡು ನಿಂತು ಹೊಡೀತೀನಿ ಅನ್ನೋರನ್ನ ನೋಡಿದ್ರೆ ಮೂಗಿಗಿಂತ ಮೂಗುತಿ ಭಾರ ಅನ್ಸತ್ತೆ, ಭಾರ ಮೇಲಕ್ಕೆ ಹೋದಷ್ಟೂ ರೈಫಲ್ ಪಕ್ಕಕ್ಕೆ ವಾಲೋಕೆ ನೋಡತ್ತೆ.

ವಾಲೋದು ಅಂದಾಗ ನೆನಪಾಯ್ತು, ಸ್ಕೋಪಿನ ಉದ್ದ ಗೆರೆ ನೆಟ್ಟಗೆ ಕೂರಬೇಕು. ಗಾರೆ ಕೆಲಸದೋರ ಹಾಗೆ ದಾರಕ್ಕೆ ಒಂದು ಗುಂಡು ಕಟ್ಟಿ ದೂರದಲ್ಲಿ ನೇತು ಹಾಕಿ, ರೈಫಲ್ಲನ್ನ ಮಟ್ಟವಾಗಿ ಇಟ್ಟು, ಗೆರೆ ದಾರದ ಮೇಲೆ ಕೂರೋ ತನಕ ಸ್ಕೋಪ್ ತಿರುಗಿಸಿದ್ರೆ ಆಯ್ತು. ಆಮೇಲೆ ರಿಂಗಿನ ಸ್ಕ್ರೂಗಳನ್ನ ಕಾರಿನ ಚಕ್ರದ ನಟ್ ಥರ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ಬೇಕು, ಎರಡು ಕಡೆ ಸಂದಿ ಸಮ ಇರಬೇಕು. ಎಷ್ಟು ಬಿಗಿ ಅನ್ನೋದು ಮೌಂಟ್ ಜೊತೆ ಬರೋ ಚೀಟೀಲಿರತ್ತೆ, ಸಾಮಾನ್ಯವಾಗಿ 15ರಿಂದ 18 ಇಂಚ್ ಪೌಂಡ್, ಅಂದ್ರೆ ಸುಮಾರು 2 ನ್ಯೂಟನ್ ಮೀಟರ್ ಒಳಗೇ. ಕೈಲಿ ಶಕ್ತಿ ಇದೆ ಅಂತ ತಿರುವಿದ್ರೆ ಕೊಳವೆ ನೆಗ್ಗತ್ತೆ, ಒಳಗಿನ ತಿರುಪು ಕಚ್ಕೊಳ್ಳತ್ತೆ, ಆಗ ನಿಜವಾಗ್ಲೂ ಸ್ಕೋಪ್ ಕೆಟ್ಟ ಹಾಗೇ.

ನಾನು ಈಗ ಪಿನ್ ಇಳಿಸಿ, ರಿಂಗಿನ ಮುಂದೆ ಹಿಂದೆ ಉಗುರು ಬಣ್ಣದಲ್ಲಿ ಒಂದೊಂದು ಗೆರೆ ಎಳೆದಿದೀನಿ, ರೇಂಜಿಗೆ ಹೋದ ತಕ್ಷಣ ಮೊದಲು ನೋಡೋದೇ ಅದನ್ನ. ಮರದ ಮೇಲಿನ ಕಲೆಗಳಲ್ಲಿ ಹಿಂದಿನದು ಮಾಸ್ತಾ ಬರ್ತಿದೆ.

ಪುರವಣೀಲಿ ಮುಂದೆ ಇನ್ನೊಂದು ಸಲ ಬರೆಯೋದಿದ್ರೆ ಆ ಚಿತ್ರದ ತಪ್ಪು ತಿದ್ದಿ, ಜೊತೆಗೆ ಶೂಟರ್ ಒಬ್ಬರು ನಿಂತಿರೋದನ್ನ ಪಕ್ಕದಿಂದ ತೆಗೆದ ಫೋಟೋ ಹಾಕಿ ಸರ್, ಕೆನ್ನೆ ಎಲ್ಲಿ ಕೂತಿದೆ, ಕಣ್ಣಿಗೂ ಗಾಜಿಗೂ ಎಷ್ಟು ದೂರ ಇದೆ, ಮೊಣಕೈ ಎಲ್ಲಿ ಆನಿಸಿದಾರೆ ಅನ್ನೋದು ಕಾಣೋ ಹಾಗೆ.

ಇಂತಿ,
ನಿಮ್ಮ ಖಾಯಂ ಓದುಗ