ಸೋಮಾರಿ ಅನ್ನುವ ಮುನ್ನ

ಮಾನ್ಯರೇ,

ನನ್ನ ತಮ್ಮ ಆರು ತಿಂಗಳಿಂದ ಖಿನ್ನತೆಗೆ ಮಾತ್ರೆ ತಗೊಳ್ತಿದ್ದಾನೆ. ಅವ್ವ ತಟ್ಟೆಗೆ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ಹಾಕಿಡುತ್ತಾಳೆ. ರೊಟ್ಟಿ ತಣ್ಣಗಾಗಿ ಸೆಟೆದುಕೊಳ್ಳುತ್ತದೆ, ಅವನು ಕೈ ಚಾಚುವುದಿಲ್ಲ. ಸ್ನಾನಕ್ಕೂ ಏಳಲ್ಲ. ಬಂದ ನೆಂಟರದ್ದು ಒಂದೇ ಮಾತು: "ಮೈಗಳ್ಳ ಆಗ್ಯಾನ, ಬಿಡ್ರಿ."

ಹಸಿವಿಗೂ ಹುರುಪಿಗೂ ಹೊಟ್ಟೆಯೊಳಗೇ ಒಂದು ಕೊಂಡಿ ಇದೆ. ಅದರ ಹೆಸರು ಗ್ರೆಲಿನ್. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ತಂಡ ಪತ್ತೆ ಮಾಡಿದ ಈ ಹಾರ್ಮೋನ್ ಹೆಚ್ಚಾಗಿ ಜಠರದಲ್ಲೇ ತಯಾರಾಗುತ್ತದೆ. ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಬರೀ ಹಸಿವು ಹುಟ್ಟಿಸುವುದಷ್ಟೇ ಇದರ ಕೆಲಸ ಅಲ್ಲ. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕದ ಮೂಲಕ ಸಂದೇಶ ಸಾಗಿಸುವ ಜಾಲವನ್ನೂ ತಟ್ಟುತ್ತದೆ. ಎದ್ದು ಏನಾದರೂ ಮಾಡೋಣ ಅನ್ನುವ ತುಡಿತಕ್ಕೆ ಆ ಜಾಲ ಬೇಕೇ ಬೇಕು. ಖಿನ್ನತೆಯಲ್ಲಿ ಸೊರಗುವುದೂ ಅದೇ ತುಡಿತ ಅಲ್ವಾ? ಹಾಗಾಗಿ ವಿಜ್ಞಾನಿಗಳು ಈಗ ಗ್ರೆಲಿನ್, ಖಿನ್ನತೆ ಎರಡನ್ನೂ ಜೊತೆಗಿಟ್ಟು ನೋಡುತ್ತಿದ್ದಾರೆ. (ಉಪವಾಸ ಕೂತರೆ ಹುರುಪು ಬರುತ್ತೆ ಅಂತ ಯಾರೂ ಹೊರಡಬೇಡಿ ಮತ್ತೆ!)

ನನ್ನ ದೂರು ಬೇರೆ. ತಮ್ಮನನ್ನು ನೋಡಿದ ವೈದ್ಯರು ನಿದ್ದೆ ಬಗ್ಗೆ ಕೇಳಿದರು, ಊಟದ ಬಗ್ಗೆ ಕೇಳಲಿಲ್ಲ. ಆರು ಕಿಲೋ ಇಳಿದಿದ್ದಾನೆ ಅಂತ ನಾವೇ ಹೇಳಬೇಕಾಯಿತು. ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಾದರೂ ಇಂಥವರ ತೂಕ, ಹಸಿವು ಎರಡನ್ನೂ ಚೀಟಿಯಲ್ಲಿ ಬರೆಯಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರ ಬೋರ್ಡನ್ನು ಬಾಗಿಲಲ್ಲೇ ಹಾಕಲಿ. ಅಲ್ಲಿ ಕನ್ನಡದಲ್ಲೂ ಮಾತಾಡ್ತಾರೆ.

– ಒಬ್ಬ ಓದುಗ, ಸೇಡಂ, ಕಲಬುರಗಿ ಜಿಲ್ಲೆ