ನೇಪಾಳಕ್ಕೆ ಹೋದ ಬ್ಯಾಂಕ್ ಇಲ್ಲಿರುವ ನೇಪಾಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ನೇಪಾಳ, ಭೂತಾನ್, ಶ್ರೀಲಂಕಾದವರಿಗೆ ವ್ಯಾಪಾರಕ್ಕಾಗಿ ನಮ್ಮ ಬ್ಯಾಂಕುಗಳು ರೂಪಾಯಿಯಲ್ಲೇ ಸಾಲ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಬ್ಯಾಂಕ್ ಕೌಂಟರ್‌ನಲ್ಲೇ ಕೂತು ನಿವೃತ್ತಳಾದ ನನಗೆ ಇದು ಖುಷಿಯ ಸುದ್ದಿ. ನೇಪಾಳವಂತೂ ನಮ್ಮವರಿಗೆ ಹೊಸ ಜಾಗವಲ್ಲ. ಸ್ಟೇಟ್ ಬ್ಯಾಂಕ್ ಹೆಚ್ಚಿನ ಪಾಲು ಹೊಂದಿರುವ ನೇಪಾಳ ಎಸ್‌ಬಿಐ ಬ್ಯಾಂಕ್ ಅಲ್ಲಿ 1993ರಿಂದ ಇದೆ. ಎವರೆಸ್ಟ್ ಬ್ಯಾಂಕಿನಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ ಪಾಲಿದೆ. ಡಾಬರ್ ಅಲ್ಲಿ ಹಣ್ಣಿನ ರಸದ ಕಾರ್ಖಾನೆ ನಡೆಸುತ್ತಿದೆ. 2024ರ ಮಾರ್ಚ್‌ನಿಂದ ನಮ್ಮ ಪ್ರವಾಸಿಗಳು ಅಲ್ಲಿನ ಅಂಗಡಿಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐನಲ್ಲೇ ದುಡ್ಡು ಕೊಡುತ್ತಿದ್ದಾರೆ.

ಆದರೆ ಅಲ್ಲಿಂದ ಇಲ್ಲಿಗೆ ದುಡಿಯಲು ಬಂದವರ ಪಾಡೇನು? ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳ ಗೇಟಿನಲ್ಲಿ, ಹೋಟೆಲ್‌ಗಳ ಅಡುಗೆಮನೆಯಲ್ಲಿ ಇರುವವರು ನೇಪಾಳದವರು. ನಮ್ಮ ಅಪಾರ್ಟ್‌ಮೆಂಟ್‌ನ ಸೆಕ್ಯುರಿಟಿಯವರು ದೂರದ ಪಶ್ಚಿಮದ ಅಛಾಮ್ ಜಿಲ್ಲೆಯವರು. ಊರಿಗೆ ಹೋಗುವಾಗ ತಿಂಗಳುಗಟ್ಟಲೆ ಉಳಿಸಿದ ದುಡ್ಡನ್ನು ಒಳಜೇಬಿನಲ್ಲಿ ಹೊಲಿದುಕೊಂಡು ರೈಲು ಹತ್ತುತ್ತಾರೆ. ಬನಬಸಾ ಗಡಿ ದಾಟಿ ಬಸ್ ಹಿಡಿಯುವವರೆಗೂ ನಿದ್ದೆ ಮಾಡುವುದಿಲ್ಲವಂತೆ. ನಡುವೆ ತುರ್ತು ಬಂದರೆ ಯಾರೋ ಏಜೆಂಟ್ ಕೈಗೆ ಕೊಡುತ್ತಾರೆ. ರಸೀದಿ ಇರುವುದಿಲ್ಲ.

ಇದಕ್ಕೆಂದೇ ರಿಸರ್ವ್ ಬ್ಯಾಂಕ್ 2008ರಲ್ಲಿ ಇಂಡೋ-ನೇಪಾಳ ರೆಮಿಟೆನ್ಸ್ ಎಂಬ ವ್ಯವಸ್ಥೆ ತಂದಿದೆ. ಎನ್‌ಇಎಫ್‌ಟಿ ಮೂಲಕ ದುಡ್ಡು ಹೋಗುತ್ತದೆ. ನೇಪಾಳದಲ್ಲಿ ಮನೆಯವರಿಗೆ ಖಾತೆ ಇಲ್ಲದಿದ್ದರೂ ಅಲ್ಲಿನ ಮನಿ ಟ್ರಾನ್ಸ್‌ಫರ್ ಕಚೇರಿಯಲ್ಲಿ ನಗದು ಸಿಗುತ್ತದೆ. ಖಾತೆ ಇದ್ದವರು ಒಂದು ಸಲಕ್ಕೆ 2 ಲಕ್ಷ ರೂಪಾಯಿವರೆಗೆ ಕಳಿಸಬಹುದು. 2021ರಲ್ಲಿ ಮಿತಿಯನ್ನು ಇಷ್ಟಕ್ಕೆ ಏರಿಸಿದರು. ಇಲ್ಲಿ ಖಾತೆಯೇ ಇಲ್ಲದವರೂ ನಗದು ಕಟ್ಟಿ 50 ಸಾವಿರದವರೆಗೆ, ವರ್ಷಕ್ಕೆ 12 ಸಲ ಕಳಿಸಬಹುದು. ಗುರುತಿಗೆ ಆಧಾರ್ ಒಂದೇ ಆಗಬೇಕೆಂದಿಲ್ಲ. ಕೆಲಸ ಕೊಟ್ಟವರು ಸರಿಯಾದ ದಾಖಲೆ ನೋಡಿ ಬರೆದುಕೊಟ್ಟ ಪತ್ರವನ್ನೂ ನಿಯಮ ಒಪ್ಪುತ್ತದೆ. ಭಾರತದ ಒಂದು ರೂಪಾಯಿಗೆ ನೇಪಾಳದ 1.60 ಎಂಬ ದರವೂ 1993ರಿಂದ ಬದಲಾಗಿಲ್ಲ. ಹಾಗಾಗಿ ಇಂದು ಕಳಿಸಲೋ ನಾಳೆಯೋ ಎಂಬ ಲೆಕ್ಕಾಚಾರವೂ ಬೇಕಿಲ್ಲ.

ಇಷ್ಟಿದ್ದೂ ಏನಾಯಿತು ಗೊತ್ತಾ? ನಮ್ಮ ಸೆಕ್ಯುರಿಟಿಯವರೊಬ್ಬರನ್ನು ಕರೆದುಕೊಂಡು ಹತ್ತಿರದ ಒಂದು ಶಾಖೆಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿಗೆ ಈ ಸೌಲಭ್ಯದ ಹೆಸರೇ ಗೊತ್ತಿರಲಿಲ್ಲ. ಮ್ಯಾನೇಜರ್ "ಆಧಾರ್ ಇಲ್ಲದೆ ಏನೂ ಆಗಲ್ಲ ಮೇಡಂ" ಎಂದರು. ಆ ಮನುಷ್ಯ ತನ್ನ ನಾಗರಿಕತಾ ಪತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸುತ್ತಲೇ ಇದ್ದರು. ಯಾರೂ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನನಗೆ ತುಂಬಾ ಸಂಕಟವಾಯಿತು. ಆ ಹುಡುಗಿಯ ತಪ್ಪೇನೂ ಇಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಕಠ್ಮಂಡುವಿನ ವ್ಯಾಪಾರಿಗೆ ಸಾಲ ಕೊಡುವಷ್ಟು ನಂಬಿಕೆ ಇರುವಾಗ, ಬೆಂಗಳೂರಲ್ಲಿ ರಾತ್ರಿಯಿಡೀ ನಮ್ಮ ಮನೆ ಕಾಯುವವರ ದುಡ್ಡು ತಲುಪಿಸುವ ನಂಬಿಕೆಯೂ ಇರಬೇಕು ಅಲ್ವಾ? ಬ್ಯಾಂಕುಗಳು ಕೌಂಟರ್ ಸಿಬ್ಬಂದಿಗೆ ಈ ನಿಯಮ ಕಲಿಸಲಿ. ನೇಪಾಳಿಗರು ಜಾಸ್ತಿ ಇರುವ ಕಡೆಯ ಶಾಖೆಗಳಲ್ಲಿ ಕನ್ನಡ, ನೇಪಾಳಿ ಎರಡರಲ್ಲೂ ಬೋರ್ಡ್ ಹಾಕಲಿ. ಅಪಾರ್ಟ್‌ಮೆಂಟ್ ಸಂಘಗಳು ಮತ್ತು ಹೋಟೆಲ್ ಮಾಲೀಕರು ದಾಖಲೆ ಪರಿಶೀಲಿಸಿ, ಲೆಟರ್‌ಹೆಡ್‌ನಲ್ಲಿ ಗುರುತಿನ ಪತ್ರ ಕೊಡಲಿ. ನಮ್ಮ ಸಂಘ ಕೊಡಲು ಶುರು ಮಾಡಿದೆ. ಆ ಪತ್ರ ಹಿಡಿದು ಬಂದವರನ್ನು ಯಾವ ಶಾಖೆಯೂ ವಾಪಸ್ ಕಳಿಸದಂತೆ ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿ ಸೂಚನೆ ಕೊಡಬೇಕು.

— ನಿವೃತ್ತ ಬ್ಯಾಂಕ್ ನೌಕರೆ, ವಿಜಯನಗರ, ಬೆಂಗಳೂರು