ತೋಳಿನ ಮೇಲಿನ ಆ ಹೂವು ಶಾಲೆಯದ್ದಲ್ಲ, ಸೈನ್ಯದ್ದು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಕೌಟ್ ಚಳವಳಿಯ ಬಗ್ಗೆ ಬಂದ ಲೇಖನ ಓದಿದೆ. ತುಂಬ ಚೆನ್ನಾಗಿತ್ತು. ಆದರೆ ಅದರ ಜೊತೆ ಹಾಕಿದ್ದ ಹಳೆಯ ಫೋಟೊದ ಅಡಿಬರಹ ತಪ್ಪಾಗಿದೆ. ‘ಇಂಗ್ಲೆಂಡಿನ ಒಬ್ಬ ಸ್ಕೌಟ್ ಮಾಸ್ತರ್’ ಎಂದು ಬರೆದಿದ್ದೀರಿ. ಓದುಗರೊಬ್ಬರ ಸಂಗ್ರಹದ್ದು ಎಂದೂ ಇದೆ. ಆತ ಮಾಸ್ತರಲ್ಲ, ಬ್ರಿಟಿಷ್ ಸೈನ್ಯದ ಸಿಪಾಯಿ.

ಫೋಟೊವನ್ನು ಇನ್ನೊಮ್ಮೆ ನೋಡಿ. ಖಾಕಿ ಕೋಟು, ಕಾಲಿಗೆ ಸುತ್ತಿದ ಪಟ್ಟಿ. ಎಡಗೈ ತೋಳಿನ ಕೆಳಭಾಗದಲ್ಲಿ ಎರಡು ಪಟ್ಟೆಗಳಿವೆ, ಅವುಗಳ ಚೂಪು ಮೇಲಕ್ಕಿದೆ. ಅದು ಹುದ್ದೆಯ ಗುರುತಲ್ಲ. ತಪ್ಪು ಮಾಡದೆ ವರ್ಷಗಟ್ಟಲೆ ನೌಕರಿ ಮಾಡಿದ ಸಿಪಾಯಿಗೆ ಕೊಡುತ್ತಿದ್ದ ಒಳ್ಳೆ ನಡತೆಯ ಪಟ್ಟೆ. ತೋಳಿನ ಮೇಲ್ಭಾಗದಲ್ಲಿ ಕಾರ್ಪೊರಲ್, ಸಾರ್ಜೆಂಟ್ ಪಟ್ಟೆ ಯಾವುದೂ ಇಲ್ಲ. ಅಲ್ಲಿರುವುದು ಒಂದು ಹಿತ್ತಾಳೆಯ ಹೂವು, ಅದರ ಕೆಳಗೆ ಒಂದು ಅಡ್ಡಪಟ್ಟಿ. ಆ ಅಡ್ಡಪಟ್ಟಿಯೇ ಮುಖ್ಯ. ಹೂವು ಮಾತ್ರ ಇದ್ದರೆ ಸೈನ್ಯದ ಎರಡನೇ ದರ್ಜೆ ಸ್ಕೌಟ್, ಅಂದರೆ ಮುಂದೆ ಹೋಗಿ ಸುಳಿವು ತರುವ ಸಿಪಾಯಿ. ಅಡ್ಡಪಟ್ಟಿಯೂ ಇದ್ದರೆ ಮೊದಲ ದರ್ಜೆ. ಅಂದರೆ ನಿಮ್ಮ ಫೋಟೊದಲ್ಲಿರುವಾತ ತನ್ನ ಕೆಲಸದಲ್ಲಿ ಪಳಗಿದವನು.

ಈ ತಪ್ಪು ಆಗುವುದು ಸಹಜ, ಯಾಕೆಂದರೆ ಹೂವು ಒಂದೇ. ಫ್ಲರ್ ಡಿ ಲಿ ಅಂತಾರಲ್ಲ, ಮೂರೆಸಳಿನ ಲಿಲ್ಲಿ. ಹಳೆಯ ನಕ್ಷೆಗಳಲ್ಲಿ, ದಿಕ್ಸೂಚಿಗಳಲ್ಲಿ ಉತ್ತರ ದಿಕ್ಕನ್ನು ತೋರಿಸುತ್ತಿದ್ದದ್ದು ಇದೇ. ಮುಂದೆ ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ ಆಗ ಬ್ರಿಟಿಷ್ ಸೈನ್ಯದ ಅಧಿಕಾರಿ. 1897ರಲ್ಲಿ ಅವರು ಭಾರತದಲ್ಲಿದ್ದ 5ನೇ ಡ್ರಗೂನ್ ಗಾರ್ಡ್ಸ್ ಎಂಬ ಕುದುರೆ ಪಡೆಯ ಮುಖ್ಯಸ್ಥರಾಗಿ ಬಂದರು. ಅಲ್ಲಿ ಸಿಪಾಯಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಸ್ಕೌಟ್ ಕೆಲಸ ಕಲಿಸಿದರು. ದಂಡಿಗಿಂತ ಮುಂದೆ ಹೋಗಿ, ಕಣ್ಣಿಗೆ ಬೀಳದೆ, ಹೆಜ್ಜೆ ಗುರುತು, ಧೂಳು, ಹೊಗೆ ಎಲ್ಲವನ್ನೂ ನೋಡಿ ವಾಪಸ್ ಬಂದು ಹೇಳುವ ಕೆಲಸ. ಕಲಿತು ಪಾಸಾದವರ ತೋಳಿಗೆ ಈ ಹೂವು ಬಂತು. ಆಮೇಲೆ ಇಡೀ ಸೈನ್ಯವೇ ಅದನ್ನು ತೆಗೆದುಕೊಂಡಿತು.

ಹುಡುಗರ ಎದೆಗೆ ಬಂದದ್ದು ಅದಾದ ಮೇಲೆ. ಆ ಪಾಠಗಳನ್ನೇ ಸೇರಿಸಿ ಬೇಡನ್ ಪೊವೆಲ್ ಸಿಪಾಯಿಗಳಿಗಾಗಿ ಬರೆದ ಪುಸ್ತಕ 1899ರಲ್ಲಿ ಅಚ್ಚಾಯಿತು. ಆ ವರ್ಷದ ಕೊನೆಗೆ ಅವರು ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿ ಮುತ್ತಿಗೆಗೆ ಸಿಕ್ಕಿದ್ದರು, 217 ದಿನ. ಹೊರಬರುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದರು. ಪುಸ್ತಕವನ್ನು ಹುಡುಗರೂ ಮೇಷ್ಟ್ರುಗಳೂ ಓದತೊಡಗಿದ್ದರು. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದಾಗ ಅವರಿಗೂ ಅದೇ ಹೂವಿನ ಬ್ಯಾಡ್ಜ್ ಕೊಟ್ಟರು. ಸಿಪಾಯಿಯ ಹೂವು ದೊಡ್ಡಣ್ಣ, ಶಾಲೆ ಹುಡುಗರದ್ದು ತಮ್ಮ. ನಾವೆಲ್ಲ ತಮ್ಮನನ್ನು ಮಾತ್ರ ಗುರುತು ಹಿಡಿಯುತ್ತೇವೆ, ಅಲ್ವಾ?

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಮೂವತ್ತೊಂದು ವರ್ಷ ಪ್ರೆಸ್ ಟೂಲ್ ಫಿಟರ್ ಆಗಿದ್ದವನು. ಹಾಳೆ ಲೋಹವನ್ನು ಡೈ ಎಂಬ ಉಕ್ಕಿನ ಅಚ್ಚು ಕೊಟ್ಟು ಒತ್ತುವ ಕೆಲಸ. ಸೈನ್ಯದ ಬ್ಯಾಡ್ಜುಗಳನ್ನು ಹೊಡೆಯುತ್ತಿದ್ದ ಊರೂ ಇದೇ. ನಿವೃತ್ತನಾದ ಮೇಲೆ ಈ ತೋಳಿನ ಬ್ಯಾಡ್ಜುಗಳನ್ನು ಹುಡುಕಲು ಶುರು ಮಾಡಿದೆ. ಅಡ್ಡಪಟ್ಟಿ ಇಲ್ಲದವು ಒಂಬತ್ತು, ಇರುವವು ನಾಲ್ಕು, ಬಟ್ಟೆಯ ಮೇಲೆ ನೂಲಿನಿಂದ ಕಸೂತಿ ಮಾಡಿದವು ಎರಡು ನನ್ನ ಹತ್ತಿರ ಇವೆ.

ನಕಲಿಗಳು ಜಾಸ್ತಿ. ಮೊದಲು ಬ್ಯಾಡ್ಜನ್ನು ತಿರುಗಿಸಿ ಹಿಂಭಾಗ ನೋಡಬೇಕು. ಡೈನಲ್ಲಿ ಒತ್ತಿದ್ದಾದರೆ ಮುಂದೆ ಉಬ್ಬಿರುವ ಎಸಳು ಹಿಂದೆ ಅಷ್ಟೇ ಚೊಕ್ಕವಾಗಿ ತಗ್ಗಿರುತ್ತದೆ. ಕರಗಿಸಿ ಅಚ್ಚಿಗೆ ಹೊಯ್ದ ನಕಲಿಗೆ ಹಿಂಭಾಗ ಚಪ್ಪಟೆ, ಮೈಯೆಲ್ಲ ಸಣ್ಣ ಸಣ್ಣ ಗುಳಿ. ಅಸಲಿಯಿಂದಲೇ ಅಚ್ಚು ತೆಗೆದಿದ್ದರೂ ಹಿತ್ತಾಳೆ ಆರುವಾಗ ಕುಗ್ಗುವುದರಿಂದ ಅಳತೆ ಕೂದಲೆಳೆಯಷ್ಟು ಕಮ್ಮಿ ಬರುತ್ತದೆ. ವರ್ನಿಯರ್ ಎಂಬ ಸೂಕ್ಷ್ಮ ಅಳತೆಗೋಲು ಹಿಡಿದರೆ ಗೊತ್ತಾಗುತ್ತದೆ. ಇನ್ನೊಂದು, ಸವೆತ. ಸಿಪಾಯಿ ದಿನಾ ಉಜ್ಜಿ ಹೊಳಪು ಬರಿಸುತ್ತಿದ್ದ. ಹಾಗಾಗಿ ನಡುವಿನ ಎಸಳಿನ ಬೆನ್ನು ನುಣ್ಣಗಾಗಿರುತ್ತದೆ, ಸಂದಿಗಳಲ್ಲಿ ಗೆರೆ ಉಳಿದಿರುತ್ತದೆ. ಆಸಿಡ್ ಹಾಕಿ ಹಳೆಯದು ಮಾಡಿದ್ದರೆ ಎತ್ತರ ತಗ್ಗು ಎರಡೂ ಒಂದೇ ಥರ ಮಾಸಿರುತ್ತವೆ. ಎಷ್ಟೋ ಸಲ ಮ್ಯಾಂಚೆಸ್ಟರ್ ರೆಜಿಮೆಂಟಿನ ಟೋಪಿ ಬ್ಯಾಡ್ಜನ್ನೂ ಸ್ಕೌಟ್ ಬ್ಯಾಡ್ಜ್ ಎಂದು ಮಾರುತ್ತಾರೆ. 1923ರಿಂದ ಅವರ ಟೋಪಿಯ ಮೇಲೂ ಇದೇ ಹೂವು ಇತ್ತು. ಅದನ್ನು ಟೋಪಿಗೆ ಸಿಕ್ಕಿಸಲು ಸಾಮಾನ್ಯವಾಗಿ ಹಿಂದೆ ಒಂದು ಉದ್ದ ಪಟ್ಟಿ ಇರುತ್ತದೆ. ತೋಳಿನದಕ್ಕೆ ಹಿಂದೆ ಎರಡು ಪುಟ್ಟ ತಂತಿ ಬಳೆ.

ಆದರೆ ನಾನು ಈ ಕಾಗದ ಬರೆಯಲು ಕೂತದ್ದು ನಕಲಿಗಳ ಸಿಟ್ಟಿನಿಂದಲ್ಲ.

ಆರು ವರ್ಷದ ಹಿಂದೆ ಒಂದು ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬ. ಅದರೊಳಗೆ ಗುಂಡಿಗಳ ಜೊತೆ ಖಾಕಿ ಬಟ್ಟೆಯ ಒಂದು ತುಂಡು, ಅಂಗೈಯಷ್ಟು. ಮೇಲೆ ಅಡ್ಡಪಟ್ಟಿ ಇರುವ ಹೂವು. ಕೋಟಿನ ತೋಳಿನಿಂದ ಕತ್ತರಿಯಲ್ಲಿ ಕತ್ತರಿಸಿದ್ದರು. ಹನ್ನೆರಡು ಪೌಂಡ್ ಕೊಟ್ಟು ತಂದೆ. ಮನೆಗೆ ಬಂದು ಬೆಳಕಿನಡಿ ಹಿಡಿದೆ. ಎರಡು ಬಳೆಗಳು ಬಟ್ಟೆಯನ್ನು ತೂರಿ ಒಳಕ್ಕೆ ಹೋಗಿದ್ದವು. ಒಳಗಡೆ ಒಂದು ಹಿತ್ತಾಳೆ ತಗಡು, ಬಳೆಗಳ ಮೂಲಕ ಹಾದುಹೋದ ಕವಲು ಪಿನ್ನು. ಸಿಪಾಯಿ ಸಿಕ್ಕಿಸಿದ ಹಾಗೇ ಇತ್ತು. ಪಿನ್ನು ಸಡಿಲವಿತ್ತು, ಬ್ಯಾಡ್ಜನ್ನು ಒಂದು ಚೂರು ಎತ್ತಿ ನೋಡಿದೆ. ಸುತ್ತಲಿನ ಬಟ್ಟೆಯೆಲ್ಲ ಬಿಸಿಲಿಗೆ ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಹೂವಿನ ಅಡಿಯಲ್ಲಿ ಮಾತ್ರ ಮೊದಲಿನ ಗಾಢ ಖಾಕಿ, ಅದೇ ಹೂವಿನ ಆಕಾರದಲ್ಲಿ. ತುಂಬಾ ಹೊತ್ತು ಸುಮ್ನೆ ನೋಡುತ್ತಾ ಕೂತುಬಿಟ್ಟೆ. ಎಷ್ಟು ಬಿಸಿಲಲ್ಲಿ ಓಡಾಡಿರಬೇಕು ಆ ತೋಳು! ಮತ್ತೆ ಮೊದಲಿನಂತೆ ಕೂರಿಸಿದೆ. ಇವತ್ತಿಗೂ ತೆಗೆದಿಲ್ಲ.

ಮಾರುವವರನ್ನು ಮುಂದಿನ ವಾರ ಹೋಗಿ ಕೇಳಿದೆ. ಕೋಟು ಎಲ್ಲಿ? ಹುಳ ತಿಂದಿತ್ತು, ಎಸೆದೆವು. ಪದಕ? ಬೇರೆಯವರು ಕೊಂಡರು. ಫೋಟೊ ಏನಾದರೂ ಇತ್ತಾ? ಇತ್ತು, ಚೌಕಟ್ಟು ಚೆನ್ನಾಗಿತ್ತು ಅಂತ ಯಾರೋ ಒಯ್ದರು. ಹೆಸರು? ನೆನಪಿಲ್ಲ.

ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳ ಅಂಚಿನ ಮೇಲೆ ಸಾಮಾನ್ಯವಾಗಿ ಸಿಪಾಯಿಯ ನಂಬರು, ಹೆಸರು, ಪಡೆ ಅಚ್ಚೊತ್ತಿರುತ್ತದೆ. ತೋಳಿನ ಬ್ಯಾಡ್ಜಿನ ಮೇಲೆ ಏನೂ ಇಲ್ಲ. ಅದನ್ನು ಕೋಟಿನಿಂದ, ಫೋಟೊದಿಂದ ಬೇರೆ ಮಾಡಿದರೆ ಆ ಮನುಷ್ಯ ಹೋದ ಹಾಗೇ. ಕಡತದಲ್ಲಿ ಸಿಗಲ್ವಾ ಎಂದರೆ, ಅದೂ ಸುಲಭವಿಲ್ಲ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಉಗ್ರಾಣದ ಮೇಲೆ ಬಾಂಬು ಬಿದ್ದು ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಉಳಿದವನ್ನು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದವರು ಜೋಪಾನ ಮಾಡಿದ್ದಾರೆ. ಎಷ್ಟೋ ಹಾಳೆಗಳ ಅಂಚು ಕರಕಲು, ಬೆಂಕಿ ಆರಿಸಿದ ನೀರಿನ ಕಲೆ. ಪುಣ್ಯಕ್ಕೆ ಯಾರಿಗೆ ಯಾವ ಪದಕ ಎಂದು ಬರೆದಿಟ್ಟ ಚೀಟಿಗಳು ಉಳಿದಿವೆ. ಹೆಸರೂ ನಂಬರೂ ಕೈಯಲ್ಲಿದ್ದರೆ ಪಡೆ ಯಾವುದು ಎಂಬುದಾದರೂ ಅಲ್ಲಿ ಸಿಗುತ್ತದೆ. ಬರೀ ಬ್ಯಾಡ್ಜ್ ಹಿಡಿದು ಹೋದರೆ ಯಾರೂ ಏನೂ ಹೇಳಲಾರರು.

ಅದಕ್ಕೇ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಯಾರ ಮನೆಯಲ್ಲಾದರೂ ಇಂಥ ಬ್ಯಾಡ್ಜ್ ಇದ್ದರೆ ಪಾಲಿಶ್ ಹಾಕಬೇಡಿ, ಬಟ್ಟೆಯಿಂದ ಕೀಳಬೇಡಿ. ಫೋಟೊ, ಪದಕ, ಕಾಗದ ಎಲ್ಲ ಒಂದೇ ಡಬ್ಬದಲ್ಲಿರಲಿ. ಗೊತ್ತಿರುವ ಹೆಸರನ್ನು ಫೋಟೊ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆದಿಡಿ. ಬಾಲ್‌ಪೆನ್ ಬೇಡ, ಒತ್ತು ಮುಂದಕ್ಕೆ ಮೂಡುತ್ತದೆ.

ಸಂಪಾದಕರಲ್ಲಿ ಒಂದು ವಿನಂತಿ. ಆ ಫೋಟೊ ಕಳಿಸಿದ ಓದುಗರನ್ನು ದಯವಿಟ್ಟು ವಿಚಾರಿಸಿ, ಅದರ ಹಿಂಭಾಗ ಏನಾದರೂ ಬರೆದಿದೆಯಾ ಎಂದು. ಸ್ಟುಡಿಯೊದ ಮುದ್ರೆ, ಅರ್ಧ ಅಳಿಸಿದ ಒಂದು ಹೆಸರು, ನಾಲ್ಕಂಕಿಯ ಒಂದು ನಂಬರು, ಏನಿದ್ದರೂ ಸರಿ. ಟೋಪಿಯ ಬ್ಯಾಡ್ಜ್ ಅಚ್ಚಿನಲ್ಲಿ ಮಸುಕಾಗಿದೆ, ಮೂಲ ಫೋಟೊದಲ್ಲಿ ಕಾಣಬಹುದು. ಒಂದು ಪ್ರತಿ ಕಳಿಸಿಕೊಟ್ಟರೆ ಮುಂದಿನ ತಿಂಗಳು ನಾನೇ ಕ್ಯೂಗೆ ಹೋಗಿ ಹುಡುಕುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಟೂಲ್ ಫಿಟರ್, ಬರ್ಮಿಂಗ್‌ಹ್ಯಾಮ್